ತಿರುಗುವ ಸಾಣೆ

ಹಿಂದೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಓಣಿಗಳಲ್ಲಿ ಸಾಣೆ ಹಿಡಿಯುವವನು ಕಾಲಿನಿಂದ ಚಕ್ರವನ್ನು ತುಳಿಯುತ್ತ ಕತ್ತಿ, ಕುಡುಗೋಲುಗಳನ್ನು ಹರಿತಗೊಳಿಸುತ್ತಿದ್ದನು. ಇಂದು ಕೂರಿಗೆ, ಕುಂಟೆ, ಟ್ರ್ಯಾಕ್ಟರುಗಳನ್ನು ದುರಸ್ತಿ ಮಾಡುವ ಕಾರ್ಯಾಗಾರಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಆಂಗಲ್ ಗ್ರೈಂಡರ್ ಕಬ್ಬಿಣವನ್ನು ಉಜ್ಜುತ್ತದೆ, ಕತ್ತರಿಸುತ್ತದೆ. ಉಪಕರಣ ಬದಲಾದರೂ ಸಾಣೆಯ ನಿಯಮ ಬದಲಾಗಿಲ್ಲ.

ಈ ಯಂತ್ರದ ಬಿಲ್ಲೆಯಲ್ಲಿ ಅಸಂಖ್ಯ ಗಡುಸು ಹರಳುಗಳು ರಾಳದ ಅಂಟಿನಲ್ಲಿ ಹುದುಗಿರುತ್ತವೆ. ಕಬ್ಬಿಣಕ್ಕೆ ಅಲ್ಯೂಮಿನಿಯಂ ಆಕ್ಸೈಡ್, ಕಲ್ಲಿಗೆ ಸಿಲಿಕಾನ್ ಕಾರ್ಬೈಡ್ ಹರಳುಗಳು ತಕ್ಕವು. ಮೊಂಡಾದ ಹರಳು ಉದುರಿ, ಒಳಗಿನ ಹೊಸ ಹರಳಿಗೆ ಎಡೆಗೊಡುತ್ತದೆ. ಆದ್ದರಿಂದ ಬಿಲ್ಲೆ ಸವೆಯುವುದು ಸಹಜ. ವ್ಯರ್ಥವಾಗಿ ಸವೆಯುವುದು ನಮ್ಮ ತಪ್ಪು.

100 ಮಿಲಿಮೀಟರ್ ವ್ಯಾಸದ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗಿದಾಗ ಅದರ ಅಂಚು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತದೆ. ಕತ್ತರಿಸುವುದು ಈ ವೇಗವೇ ಹೊರತು ನಮ್ಮ ತೋಳಿನ ಬಲವಲ್ಲ. ಬಲವಾಗಿ ಒತ್ತಿದರೆ ಸುತ್ತು ಕುಗ್ಗಿ, ಅಂಟು ಕಾದು, ಹರಿತವಾದ ಹರಳುಗಳೂ ಉದುರಿಹೋಗುತ್ತವೆ. ತೀರ ಹಗುರವಾಗಿ ಸವರಿದರೆ ಹರಳುಗಳು ಮೊಂಡಾಗಿಯೇ ಉಳಿದು, ಬಿಲ್ಲೆ ಬರಿದೆ ಮಿರುಗುತ್ತದೆ.

ಕತ್ತರಿಸಬೇಕಾದ ವಸ್ತುವನ್ನು ಮೊದಲು ಬಿಗಿಯಾಗಿ ಹಿಡಿಸಬೇಕು. ಲೋಹದ ಕಿರಿದಾದ ಭಾಗ ತಗಲುವಂತೆ ತೆಳುವಾದ ಬಿಲ್ಲೆಯನ್ನು ನೇರವಾಗಿ ಇಳಿಸಬೇಕು, ತಿರುಚಬಾರದು. ಉಜ್ಜುವುದಕ್ಕೆ ದಪ್ಪ ಬಿಲ್ಲೆಯೇ ಬೇರೆ. ತೇವ ತಗುಲಿದರೆ ಅಂಟು ದುರ್ಬಲವಾಗುತ್ತದೆ. ಬ್ಯಾಡಗಿಯ ವ್ಯಾಪಾರಿ ಮೆಣಸಿನಕಾಯಿಯನ್ನು ಕಾಪಾಡುವಂತೆ ಬಿಲ್ಲೆಗಳನ್ನು ಒಣಗಿದ ಸ್ಥಳದಲ್ಲಿಡಬೇಕು. ಅವುಗಳ ಮೇಲೆ ಮುದ್ರಿಸಿದ ಅವಧಿಯನ್ನೂ ಗಮನಿಸಬೇಕು.

ಶಾಲೆಯನ್ನು ಮುಗಿಸಿ ಕಾರ್ಯಾಗಾರಕ್ಕೆ ಸೇರಿದ ನನ್ನ ಶಿಷ್ಯನೊಬ್ಬನು, ದೊಡ್ಡ ಯಂತ್ರದಲ್ಲಿ ಸವೆದ 180 ಮಿಲಿಮೀಟರಿನ ಬಿಲ್ಲೆಯನ್ನು ಎಸೆಯಲು ಮನಸ್ಸಾಗದೆ ಚಿಕ್ಕ ಯಂತ್ರಕ್ಕೆ ತೊಡಿಸಿದನು. ಕಾವಲು ತಗಡನ್ನೂ ಕಳಚಿದ್ದನು. ಚಿಕ್ಕ ಯಂತ್ರ ಹೆಚ್ಚು ವೇಗವಾಗಿ ತಿರುಗುತ್ತದೆಂಬುದನ್ನೂ ಬಿಲ್ಲೆಯ ಮೇಲೆ ಅಚ್ಚಾಗಿದ್ದ 8,500 ಸುತ್ತುಗಳ ಮಿತಿಯನ್ನೂ ಅವನು ಲಕ್ಷಿಸಲಿಲ್ಲ. ಬಿಲ್ಲೆ ಸಿಡಿಯಿತು. ಒಂದು ಚೂರು ಹುಬ್ಬನ್ನು ಸೀಳಿತು. ಧರಿಸಿದ್ದ ಕನ್ನಡಕದಿಂದಾಗಿ ಕಣ್ಣು ಉಳಿಯಿತು.

ಮಿತವ್ಯಯ ಬೇರೆ, ಜಿಪುಣತನ ಬೇರೆ. ಬಿಲ್ಲೆಯನ್ನು ಉಳಿಸುವ ಜಾಣ್ಮೆ ಅದನ್ನು ಸರಿಯಾಗಿ ಬಳಸುವುದರಲ್ಲಿದೆಯೇ ಹೊರತು ಬಿಡಬೇಕಾದಾಗ ಬಿಡದಿರುವುದರಲ್ಲಿಲ್ಲ. ಆ ಶಿಷ್ಯನಿಗೆ ಈಗ ತನ್ನದೇ ಕಾರ್ಯಾಗಾರವಿದೆ. ಕೆಲಸ ಕಲಿಯಲು ಬಂದವರಿಗೆ ಅವನು ಮೊದಲು ಕೊಡುವುದು ಕನ್ನಡಕವನ್ನು, ಯಂತ್ರವನ್ನು ಆಮೇಲೆ.