ಶಿರಾಳಕೊಪ್ಪದ ಪಕ್ಕದ ರಾಜಧಾನಿ

ಪ್ರಶ್ನೆ: ಶಿರಾಳಕೊಪ್ಪ ಹಳೆಯ ರಾಜಧಾನಿಯೊಂದರ ಮಗ್ಗುಲಿನ ಊರು ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಶಿಕಾರಿಪುರ ತಾಲ್ಲೂಕಿನ ಈ ಪೇಟೆಗೆ ತೀರ ಹತ್ತಿರದಲ್ಲಿರುವ ಬಳ್ಳಿಗಾವಿಯು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ 12000 ಪ್ರಾಂತ್ಯದ ರಾಜಧಾನಿಯಾಗಿತ್ತು. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬ, ಕೇದಾರೇಶ್ವರ ಮತ್ತು ತ್ರಿಪುರಾಂತಕ ಗುಡಿಗಳು ಇಂದಿಗೂ ಅಲ್ಲಿವೆ. ಅಲ್ಲಿನ ಕೋಡಿಯಮಠದಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಸಮೀಪದ ತಾಳಗುಂದದಲ್ಲಿ ಕದಂಬ ವಂಶದ ಕಥೆ ಹೇಳುವ ಸ್ತಂಭಶಾಸನವಿದೆ. ಅಲ್ಲೇ ಹತ್ತಿರದ ಉಡುತಡಿ ಅಕ್ಕಮಹಾದೇವಿಯ ಹುಟ್ಟೂರು.

ಇಂದು ರಾಜಧಾನಿ ಹಳ್ಳಿಯಾಗಿದೆ, ಮಗ್ಗುಲಿನ ಊರು ಪೇಟೆಯಾಗಿ ಬೆಳೆದಿದೆ. ಶಿರಾಳಕೊಪ್ಪದಲ್ಲಿ ಬಸ್ಸಿಳಿದಾಗ ಬಳ್ಳಿಗಾವಿಯನ್ನು ನೋಡದೆ ಹಿಂತಿರುಗಬೇಡಿ.