ಅರಸರ ಕಾರು ಮಾರಾಟಕ್ಕಿದೆ: ಬೆಲೆ ಹೆಸರಿಗೆ, ಹಕ್ಕು ದಾಖಲೆಗೆ

ಬೆಂಗಳೂರು: ಮಹಾರಾಜರು ಓಡಾಡಿದ ಕಾರು, ಚಿತ್ರತಾರೆಯ ಕಾರು ಎಂಬ ಒಂದು ಮಾತು ಸೇರಿದರೆ ಸಾಕು, ಹಳೆಯ ವಾಹನದ ಬೆಲೆ ಏರಿಬಿಡುತ್ತದೆ. ಆದರೆ ಕೊಂಡವರ ಪಾಲಿಗೆ ಹಿಂದಿನ ಮಾಲೀಕರ ಹೆಸರೇ ವರವೂ ಹೌದು, ತೊಡಕೂ ಹೌದು.

ಐಷಾರಾಮಿ ಕಾರುಗಳ ಇತಿಹಾಸದಲ್ಲಿ ಮೈಸೂರಿಗೆ ವಿಶಿಷ್ಟ ಸ್ಥಾನವಿದೆ. ಮೈಸೂರು ಮಹಾರಾಜರು ರೋಲ್ಸ್ ರಾಯ್ಸ್ ಕಾರುಗಳನ್ನು ಒಮ್ಮೆಗೆ ಏಳರಂತೆ ಕೊಳ್ಳುತ್ತಿದ್ದರು, ಅದರಿಂದಾಗಿ ಕಂಪನಿಯ ಮಾರಾಟಗಾರರಲ್ಲಿ ದೊಡ್ಡ ಖರೀದಿಗೆ 'ಡೂಯಿಂಗ್ ಎ ಮೈಸೂರು' ಎಂಬ ಮಾತೇ ಹುಟ್ಟಿಕೊಂಡಿತು ಎಂಬ ಕಥೆ ಪ್ರಚಲಿತದಲ್ಲಿದೆ. ಸಂಸ್ಥಾನಗಳು ಭಾರತದಲ್ಲಿ ವಿಲೀನಗೊಂಡವು. 1971ರಲ್ಲಿ ರಾಜಧನವೂ ರದ್ದಾಯಿತು. ದೇಶದ ಅನೇಕ ಅರಮನೆಗಳ ವಾಹನಗಳು ಕೈಯಿಂದ ಕೈಗೆ ಸಾಗಿದವು, ಎಷ್ಟೋ ಕಾರುಗಳು ಕಡಲಾಚೆಗೆ ಹೋದವು. ಹೀಗಾಗಿ 1970ರ ದಶಕದಲ್ಲಿ ಕೇಂದ್ರ ಸರ್ಕಾರ ಇಂಥ ಹಳೆಯ ಕಾರುಗಳ ರಫ್ತಿಗೆ ತಡೆ ಒಡ್ಡಿತು.

ವಂಶಾವಳಿ ಪರೀಕ್ಷೆ ಹೇಗೆ?

ಎರಡನೆಯ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಕಂಪನಿ ಚಾಸಿ ಮತ್ತು ಎಂಜಿನ್ ಮಾತ್ರ ತಯಾರಿಸುತ್ತಿತ್ತು. ಮೇಲಿನ ಕವಚವನ್ನು ಬಾರ್ಕರ್, ಹೂಪರ್ ಮೊದಲಾದ ಸಂಸ್ಥೆಗಳು ಗ್ರಾಹಕರ ಅಭಿರುಚಿಗೆ ತಕ್ಕಂತೆ ಕಟ್ಟಿಕೊಡುತ್ತಿದ್ದವು. ಪ್ರತಿಯೊಂದು ಚಾಸಿಗೂ ಪ್ರತ್ಯೇಕ ಸಂಖ್ಯೆ ಇರುತ್ತಿತ್ತು. ಕಾರನ್ನು ಮೊದಲು ಯಾರಿಗೆ ಒಪ್ಪಿಸಲಾಯಿತು ಎಂಬ ವಿವರವುಳ್ಳ ಹಳೆಯ ಕಡತಗಳನ್ನು ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಅಭಿಮಾನಿಗಳ ಸಂಘ ಕಾಪಾಡಿಕೊಂಡು ಬಂದಿದೆ. 'ಅರಮನೆಯ ಕಾರು' ಎಂಬ ಮಾತಿಗೆ ಈ ಸಂಖ್ಯೆಯೇ ಸಾಕ್ಷಿ. ಬಾಗಿಲ ಮೇಲಿನ ಲಾಂಛನವನ್ನು ಯಾರು ಬೇಕಾದರೂ ಬರೆಸಬಹುದು.

'ವಿಂಟೇಜ್' ಎಂಬ ಪದವನ್ನೂ ಎಚ್ಚರದಿಂದ ಓದಬೇಕು. ಬ್ರಿಟನ್ನಿನ ಸಂಪ್ರದಾಯದಲ್ಲಿ ಮೊದಲ ಮಹಾಯುದ್ಧದ ನಂತರದಿಂದ 1930ರ ಕೊನೆಯವರೆಗೆ ತಯಾರಾದ ಕಾರುಗಳಿಗೆ ಮಾತ್ರ ಈ ಹೆಸರು ಸಲ್ಲುತ್ತದೆ. ಭಾರತದ ಕಾನೂನಿನ ಅಳತೆಗೋಲು ಬೇರೆ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಣಿಜ್ಯೇತರ ವಾಹನ ವಿಂಟೇಜ್ ಎನಿಸುತ್ತದೆ. ಬಿಡಿಭಾಗ ಸಿಗದೆ ಚಾಸಿ, ಕವಚ ಅಥವಾ ಎಂಜಿನ್ ಅನ್ನು ಗಣನೀಯವಾಗಿ ಬದಲಿಸಿದ ಕಾರಿಗೆ ಈ ಮಾನ್ಯತೆ ದೊರೆಯದು.

ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ನವೀಕರಣಕ್ಕೆ 5,000 ರೂಪಾಯಿ. ಹೊಸ ಸಂಖ್ಯಾಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿಗೆ ಹೊರತು ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಕಾರು ಮಾರಾಟವಾದರೆ 90 ದಿನಗಳೊಳಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು.

ಹೆಸರು ಬದಲಾಗದಿದ್ದರೆ

ಈ ಕೊನೆಯ ಹಂತವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ನಿದರ್ಶನವಿದೆ. ಚಿತ್ರ ನಿರ್ಮಾಪಕ ವಿಧು ವಿನೋದ್ ಚೋಪ್ರಾ 2007ರಲ್ಲಿ ನಟ ಅಮಿತಾಭ್ ಬಚ್ಚನ್ ಅವರಿಗೆ ರೋಲ್ಸ್ ರಾಯ್ಸ್ ಫ್ಯಾಂಟಮ್ ಉಡುಗೊರೆ ನೀಡಿದ್ದರು. ವಿಂಟೇಜ್ ಅಲ್ಲದ ಈ ಕಾರನ್ನು 2019ರಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರು ಕೊಂಡರು. 2021ರ ಆಗಸ್ಟ್‌ನಲ್ಲಿ ಸಾರಿಗೆ ಅಧಿಕಾರಿಗಳು ಅದನ್ನು ವಶಪಡಿಸಿಕೊಂಡಾಗ, ದಾಖಲೆಯಲ್ಲಿ ಇನ್ನೂ ನಟನ ಹೆಸರೇ ಇತ್ತು. 2025ರಲ್ಲಿ ಈ ಕಾರು ಹಾಗೂ ಅದೇ ಉದ್ಯಮಿಯ ಮತ್ತೊಂದು ರೋಲ್ಸ್ ರಾಯ್ಸ್‌ಗೆ ಬಾಕಿ ತೆರಿಗೆ, ದಂಡವೆಂದು 38 ಲಕ್ಷ ರೂಪಾಯಿಗೂ ಹೆಚ್ಚು ಮೊತ್ತ ತೆರಬೇಕಾಯಿತು.

ಮೋಟಾರು ವಾಹನ ಕಾಯ್ದೆಯಂತೆ, ಹೊರರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕು. ಕೊಂಡವರು ಸಾಮಾನ್ಯವಾಗಿ 30 ದಿನಗಳೊಳಗೆ ವರ್ಗಾವಣೆಯನ್ನು ವರದಿ ಮಾಡಬೇಕು. ಹೊರರಾಜ್ಯದ ಕಾರಾದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕು. ಕುರುಬರಹಳ್ಳಿ, ರಾಜಾಜಿನಗರ ಭಾಗದ ನಿವಾಸಿಗಳಿಗೆ ಇದು ಕೆಎ-02 ಸಂಕೇತದ ಬೆಂಗಳೂರು ಪಶ್ಚಿಮ ಪ್ರಾದೇಶಿಕ ಸಾರಿಗೆ ಕಚೇರಿಯ ಕೆಲಸ.

ಆದ್ದರಿಂದ ಮುಂಗಡ ಕೊಡುವ ಮುನ್ನ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಡನೆ ತಾಳೆ ನೋಡುವುದು, ಮಾರುವವರ ಹೆಸರೇ ಅದರಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳುವುದು, ಬಾಕಿ ತೆರಿಗೆಯ ಲೆಕ್ಕ ಕೇಳುವುದು ಜಾಣತನ. ಅರಸರೋ ನಟರೋ ಕುಳಿತ ಆಸನಕ್ಕೆ ಎಷ್ಟೇ ಹಣ ತೆತ್ತರೂ, ದಾಖಲೆಯಲ್ಲಿ ಹೆಸರು ಬೀಳುವವರೆಗೆ ಕೊಂಡವರು ಆ ಕಾರಿನ ಪೂರ್ಣ ಒಡೆಯರಾಗಲಾರರು.