ನಿಮಗಿದು ಗೊತ್ತೆ? ಪ್ರಯಾಣದಲ್ಲಿ ಸೋಲಾರ್ ಚಾರ್ಜರ್

ಬೆನ್ನಿಗೆ ಪುಟ್ಟ ಸೋಲಾರ್ ಫಲಕವಿರುವ 10,000 ಎಂಎಎಚ್ ಪವರ್ ಬ್ಯಾಂಕ್ ಬರೀ ಬಿಸಿಲಿನಿಂದ ತುಂಬಲು ನಾಲ್ಕೈದು ದಿನ ಬೇಕು! ಲೆಕ್ಕ ನೋಡಿ: ನಡುಹಗಲ ಬಿಸಿಲಿನ ಶಕ್ತಿ ಚದರ ಮೀಟರಿಗೆ ಸುಮಾರು 1,000 ವಾಟ್. ಅಂಗೈಯಗಲದ ಫಲಕದ ಪಾಲಿಗೆ ಬರುವುದು 10 ವಾಟ್. ಅದರಲ್ಲಿ ವಿದ್ಯುತ್ತಾಗುವುದು ಹೆಚ್ಚೆಂದರೆ 2 ವಾಟ್. ತುಂಬಬೇಕಾದದ್ದು 37 ವಾಟ್-ಗಂಟೆ; ಅಷ್ಟು ಪ್ರಖರ ಬಿಸಿಲು ಸಿಗುವುದೋ ದಿನಕ್ಕೆ ಕೆಲವೇ ಗಂಟೆ.

ನಿಜಕ್ಕೂ ಕೆಲಸಕ್ಕೆ ಬರುವುದು ಮಡಚುವ 20 ವಾಟ್ ಫಲಕ. ಸೂರ್ಯನಿಗೆ ನೇರವಾಗಿ ಬಿಚ್ಚಿಟ್ಟರೆ ಇದೇ ಪವರ್ ಬ್ಯಾಂಕನ್ನು ಅರ್ಧ ದಿನದಲ್ಲಿ ತುಂಬಿಸೀತು. ಚೀಲಕ್ಕೆ ನೇತುಹಾಕಿ ನಡೆದರೆ ಆ ಫಲವಿಲ್ಲ. ಮರದ ರೆಂಬೆಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ವಿದ್ಯುತ್ ಗಣನೀಯವಾಗಿ ಇಳಿಯುತ್ತದೆ.

ಫಲಕಕ್ಕೆ ನೇರವಾಗಿ ಫೋನ್ ಜೋಡಿಸಬೇಡಿ. ಮೋಡ ಅಡ್ಡ ಬಂದಾಗಲೆಲ್ಲ ಚಾರ್ಜಿಂಗ್ ನಿಲ್ಲಬಹುದು. ಹಗಲು ಪವರ್ ಬ್ಯಾಂಕ್ ತುಂಬಿಸಿಕೊಂಡು, ರಾತ್ರಿ ಅದರಿಂದ ಫೋನ್ ಚಾರ್ಜ್ ಮಾಡಿ. ಬಿಸಿಲು ಫಲಕಕ್ಕಿರಲಿ, ಬ್ಯಾಟರಿ ನೆರಳಲ್ಲಿರಲಿ: 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಿದರೆ ಲಿಥಿಯಂ ಅಯಾನ್ ಬ್ಯಾಟರಿಯ ಆಯಸ್ಸು ಕುಗ್ಗುತ್ತದೆ.

ಲಡಾಖ್‌ನ ಬಯಲಲ್ಲಿ ದಿನಗಟ್ಟಲೆ ನಡೆಯುವವರಿಗೆ ಈ ಫಲಕ ಆಪದ್ಬಾಂಧವ. ಮಳೆಗಾಲದ ಮಲೆನಾಡಿನ ಚಾರಣಕ್ಕಾದರೆ, ಮನೆಯಲ್ಲೇ ತುಂಬಿಸಿದ ಇನ್ನೊಂದು ಪವರ್ ಬ್ಯಾಂಕ್ ಒಯ್ಯುವುದೇ ಲೇಸು.